ಗಾದಿಯ ತಲೆದಿಕ್ಕಿನ ಮೂಲೆ

ಹೊಸ ಗಾದಿಗೆ ತಲೆ ಯಾವುದು, ಕಾಲು ಯಾವುದು ಎಂಬುದನ್ನು ಅಪ್ಪ ಹತ್ತಿ ತುಂಬುವ ಮೊದಲೇ ನಿಶ್ಚಯಿಸಿಬಿಡುತ್ತಿದ್ದ. ಕೊಳ್ಳಲು ಬಂದವರಿಗೆ ನಾಲ್ಕು ಮೂಲೆಗಳೂ ಒಂದೇ ಥರ ಕಾಣುತ್ತಿದ್ದವು. ಅಪ್ಪ ಬಟ್ಟೆಯನ್ನು ನೆಲಕ್ಕೆ ಹಾಸಿ, ಒಂದು ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿ ಹತ್ತಿಯನ್ನು ಒಂದು ಹಿಡಿ ಹೆಚ್ಚು ಹಾಕುತ್ತಿದ್ದ. ಮಲಗುವವರು ಆ ಗೆರೆಯನ್ನು ನೋಡುವುದೇ ಇಲ್ಲ, ಆದರೂ ಸ್ವಲ್ಪ ದಿನಗಳಲ್ಲಿ ತಾವಾಗಿಯೇ ಆ ಕಡೆಗೆ ತಲೆ ಇಡುತ್ತಾರೆ ಎನ್ನುತ್ತಿದ್ದ.

ನಮ್ಮ ಅಂಗಡಿ ಶಹಾಪುರದಲ್ಲಿ, ಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿತ್ತು. ಮುಂದೆ ಹತ್ತಿ ಹಿಂಜುವ ಮಷೀನು, ಹಿಂದೆ ಮನೆ, ನಡುವೆ ಒಂದು ಪರದೆ. ಹತ್ತಿಯ ಎಳೆ ಆ ಪರದೆ ದಾಟಿ ಅನ್ನದ ಪಾತ್ರೆಯವರೆಗೂ ಬರುತ್ತಿತ್ತು. ಕಾಲೇಜಿಗೆ ಹೊರಡುವಾಗ ನಾನು ಕನ್ನಡಿಯ ಮುಂದೆ ನಿಂತು ಕೂದಲಿನಿಂದ ಹತ್ತಿ ಆರಿಸಿಕೊಳ್ಳುತ್ತಿದ್ದೆ. ಎಷ್ಟು ಆರಿಸಿದರೂ ಬೆನ್ನ ಮೇಲೆ ಸ್ವಲ್ಪ ಉಳಿಯುತ್ತಿತ್ತು. ಹಿಂದಿನ ಬೆಂಚಿನವರು ಅದನ್ನು ತೆಗೆದು ಗಾಳಿಗೆ ಊದುತ್ತಿದ್ದರು.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವುದು ಹಿಂದಿನಿಂದ ಬಂದ ಕೆಲಸ. ನಮಾಜು, ರೋಜಾ, ನಿಕಾಹ್ ಎಲ್ಲ ಉಳಿದ ಮುಸ್ಲಿಮರಂತೆಯೇ, ಮನೆಯ ಮಾತು ಮಾತ್ರ ಕನ್ನಡ. ನಮ್ಮ ಓಣಿಯ ಇತರ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು ಆಡುತ್ತಿದ್ದರು. ನಮ್ಮ ಮನೆಗೆ ಅವರು ಬಂದರೆ ಹೊಸ್ತಿಲ ಮೇಲೆ ಒಂದು ಕ್ಷಣ ತಡೆದು, ಮಾತು ಬದಲಿಸಿ ಒಳಗೆ ಬರುತ್ತಿದ್ದರು.

ಪಿಯುಸಿ ಎರಡನೆಯ ವರ್ಷದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಒಂದು ದಿನ ಮೆಚ್ಚುಗೆಯಿಂದಲೇ ಹೇಳಿದ್ದಳು: “ನೀ ಸಾಬರಾಕಿ ಅಂದ್ರ ಯಾರೂ ನಂಬಂಗಿಲ್ಲ ನೋಡು. ಅಗದೀ ನಮ್ಮಂಗೇ ಮಾತಾಡ್ತಿ.” ಅದೇ ವಾರ, ಉರ್ದು ಕಲಿಸುವ ಉಸ್ತಾನಿಯ ಮನೆಯಲ್ಲಿ ನಾನು ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ಯಾರೋ “ಆ ಗಯೀ ದೇಖೋ ಕನ್ನಡವಾಲೀ” ಎಂದರು. ಬಂದಳು ನೋಡಿ ಕನ್ನಡದವಳು ಎಂದು. ಎರಡೂ ಕಡೆ ನಗುತ್ತಲೇ ಹೇಳಿದರು. ಎರಡೂ ಕಡೆ ನಾನೂ ನಕ್ಕೆ. ನಗು ನಿಂತ ಮೇಲೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಉಸ್ತಾನಿಯ ಮನೆಗೆ ನನ್ನನ್ನು ಕಳಿಸತೊಡಗಿದ್ದಕ್ಕೆ ಕಾರಣವಿತ್ತು. ಯಾದಗಿರಿಯಿಂದ ನನಗೊಂದು ಸಂಬಂಧ ಬಂದಿತ್ತು. ಬಟ್ಟೆಯ ವ್ಯಾಪಾರದ ಮನೆತನ, ಮನೆಮಾತು ಉರ್ದು, ಓದಿದ ಹುಡುಗ. ಅವರ ಕಡೆಯ ಮಾತು ಸ್ಪಷ್ಟವಿತ್ತು: ಹದಿನೆಂಟು ತುಂಬಿದ ಮೇಲೆಯೇ ನಿಕಾಹ್, ಈಗ ಮಾತು ಮುಗಿಸಿಕೊಳ್ಳೋಣ. ಹುಡುಗಿ ಉರ್ದು ಓದಲು, ಬರೆಯಲು ಕಲಿಯಲಿ. ಪಿಯುಸಿಯ ನಂತರ ಹೊರಗೆ ಹೋಗಿ ಓದುವುದು ಬೇಡ.

ನಾನು ಕಲಬುರಗಿಗೆ ಹೋಗಿ ಇತಿಹಾಸ ಓದಬೇಕೆಂದಿದ್ದೆ. ಇದನ್ನು ಗಟ್ಟಿಯಾಗಿ ಹೇಳಿದ್ದು ಒಂದೇ ಸಲ, ಅಪ್ಪನ ಮುಂದೆ, ಮಷೀನು ನಿಂತಿದ್ದಾಗ. ಅಪ್ಪ ಬೆಲ್ಟಿಗೆ ಸಿಕ್ಕಿದ್ದ ಹತ್ತಿಯನ್ನು ಬಿಡಿಸುತ್ತ, “ನಿಮ್ಮವ್ವನ ಮಾತಿಗಿ ನಾ ಅಡ್ಡ ಬರಂಗಿಲ್ಲ. ಆಕಿ ಏನು ಉಂಡಾಳ ಅಂತ ನನಗ ಗೊತ್ತದ,” ಎಂದ. ಆಮೇಲೆ ಮಷೀನು ಚಾಲೂ ಮಾಡಿದ.

ಅವ್ವ ಉಂಡದ್ದು ಏನೆಂದು ನನಗೂ ಸ್ವಲ್ಪ ಗೊತ್ತಿತ್ತು. ಅವಳು ಸುರಪುರದ ಪಿಂಜಾರರ ಮನೆಯ ಮಗಳು. ಮದುವೆಗಳಲ್ಲಿ ಹೆಂಗಸರು ಊಟಕ್ಕೆ ಹಾಸಿದ ದಸ್ತರಖಾನದ ಸುತ್ತ ಕೂತು ತಮ್ಮ ತಮ್ಮಲ್ಲಿ ಉರ್ದುವಿನಲ್ಲಿ ಹರಟುವರು. ಅವ್ವನ ಕಡೆ ತಿರುಗಿದಾಗ ಮಾತನ್ನು ಕನ್ನಡಕ್ಕೆ ಇಳಿಸುವರು. ತರಕಾರಿ ಮಾರುವವರ ಜೊತೆ ಆಡುವಂಥ ಕನ್ನಡ ಅದು, ನಿಧಾನ ಮತ್ತು ಸ್ವಲ್ಪ ಜೋರು. ಅವ್ವ ಪ್ರತಿ ಸಲ ಕಷ್ಟಪಟ್ಟು ಉರ್ದುವಿನಲ್ಲಿಯೇ ಉತ್ತರ ಕೊಡುತ್ತಿದ್ದಳು, ಮನೆಗೆ ಬಂದ ಮೇಲೆ ಬಹಳ ಹೊತ್ತು ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಸಂಬಂಧ ಬಂದ ದಿನ ಅವಳು ನನಗೆ ಹೇಳಿದ್ದು ಇಷ್ಟೇ:

“ನಿನ್ನ ಮಕ್ಕಳಿಗಿ ನೀವು ಯಾರು ಅಂತ ಯಾರೂ ಕೇಳಬಾರದು. ನನಗ ಬೇಕಾಗಿದ್ದು ಅಷ್ಟೇ.”

ಅಂದಿನಿಂದ ಅವಳನ್ನು ಅವ್ವ ಎನ್ನಬಾರದು, ಅಮ್ಮೀ ಎನ್ನಬೇಕು ಎಂದಾಯಿತು. ಅಭ್ಯಾಸವಾಗಲೆಂದು ಮನೆಯಲ್ಲಿಯೂ ಹಾಗೆಯೇ ಕರೆಯಬೇಕಿತ್ತು. ನಾನು ಕರೆಯುವುದನ್ನೇ ಕಡಿಮೆ ಮಾಡಿದೆ. ಬೇಕಾದದ್ದಿದ್ದರೆ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಮನೆಯಲ್ಲಿ ಇದೆಲ್ಲದರಿಂದ ಹೊರಗೆ ಉಳಿದವಳು ಆಯಿ, ಅಪ್ಪನ ತಾಯಿ. ಅವಳ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ, ತಿಂಥಣಿಗೆ ಸಮೀಪ. ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟು, ಐದು ಹೊತ್ತು ನಮಾಜು ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ತಿಂಥಣಿಯ ಮೌನೇಶ್ವರನ ಗುಡಿಗೂ ಹೋಗಿಬರುತ್ತಿದ್ದಳು. ಇವೆರಡರ ನಡುವೆ ದಾಟಬೇಕಾದದ್ದು ಏನಾದರೂ ಇದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಉರ್ದು ಪಾಠ ಒಪ್ಪಿಸಲು ನಾನು ಗೋಡೆಯ ಕಡೆ ಮುಖ ಮಾಡಿ ಕೂತರೆ ಅವಳು ಹಿಂದಿನಿಂದ, “ಇದೇನು ಗಿಳಿ ಮಾಡ್ಯಾರ ನನ್ನ ಹುಡುಗಿಗಿ,” ಎನ್ನುತ್ತಿದ್ದಳು.

ಮನೆಯ ಹೆಣ್ಣುಮಗಳನ್ನು ಕೊಡುವಾಗ ಅವಳ ಜೊತೆ ಹೋಗುವ ಗಾದಿಯನ್ನು ಅಂಗಡಿಯ ಗಾದಿಯಂತೆ ಹೊಲಿಯುವುದಿಲ್ಲ. ಮನೆಯ ಹಿರಿಯಳೇ ಹೊಲಿಯಬೇಕು. ಮೂರು ಮೂಲೆ ಮುಚ್ಚಿದ ಮೇಲೆ, ತಲೆದಿಕ್ಕಿನ ಬಲ ಮೂಲೆಯನ್ನು ಕೊನೆಗೆ ಉಳಿಸಿಕೊಂಡು, ಅದರಲ್ಲಿ ತಿಂಥಣಿಯಿಂದ ತಂದ ಬೂದಿಯ ಸಣ್ಣ ಗಂಟೊಂದನ್ನು ಇಡುತ್ತಾರೆ. ಇಡುವ ಕೈ ಆ ಹುಡುಗಿಯದೇ ಆಗಿರಬೇಕು. ನಮ್ಮ ಕಡೆಯ ಪಿಂಜಾರರ ಮನೆಗಳಲ್ಲಿ ಇದು ಹಿಂದಿನಿಂದ ನಡೆದು ಬಂದದ್ದು. ಯಾರೂ ಇದರ ಬಗ್ಗೆ ಹೊರಗೆ ಮಾತಾಡುತ್ತಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ದೊಡ್ಡ ಸಂಗತಿ ಎಂದು ಯಾರಿಗೂ ತೋರಿರಲಿಲ್ಲ.

ಯಾದಗಿರಿಯವರು ನೋಡಲು ಬರುವ ದಿನ ಗೊತ್ತಾದಾಗ ಆಯಿ ಗಾದಿಯ ಬಟ್ಟೆ ತೆಗೆದಳು. ನಿಕಾಹ್ ಇನ್ನೂ ದೂರವಿತ್ತು, ಆದರೆ ಮಾತು ಮುಗಿಯುವ ದಿನಕ್ಕೆ ಗಾದಿ ಸಿದ್ಧವಿರಬೇಕು ಎಂಬುದು ಅವಳ ಹಟ. ಅವ್ವ ಅಡುಗೆಮನೆಯಿಂದ ಬಂದು ನಿಂತಳು.

“ಅತ್ತಿ, ಇದರಾಗ ಹತ್ತಿ ಬಿಟ್ಟು ಬ್ಯಾರೇ ಏನೂ ಇರಬಾರದ್ರಿ.”

ಆಯಿ ದಬ್ಬಣಕ್ಕೆ ದಾರ ಪೋಣಿಸಲು ನನಗೆ ಕೊಟ್ಟು, “ನೀ ಇಷ್ಟು ವರ್ಸ ಮಕ್ಕೊಂಡ ಗಾದಿಯೊಳಗ ನಿನ್ನ ಕೈಲೇ ಏನಿಟ್ಟಿದಿ ಅಂತ ಮರ್ತೀಯೇನು?” ಎಂದಳು.

“ಗೊತ್ತದ್ರಿ. ಅದಕ್ಕೇ ಬ್ಯಾಡ ಅನ್ನಾಕತ್ತೀನಿ.”

ಆಯಿ ಬಟ್ಟೆ ಹಾಸಿದಳು. ಹತ್ತಿ ಹರಡಿದಳು, ಬೆತ್ತದಿಂದ ಹೊಡೆದು ಸಮ ಮಾಡಿದಳು, ಉದ್ದುದ್ದ ಹೊಲಿಗೆ ಹಾಕುತ್ತ ಹೋದಳು. ಅವ್ವ ಹಾಲು ತರಲು ಹೋದಾಗ ಕೊನೆಯ ಮೂಲೆ ತೆರೆದಿತ್ತು. ಆಯಿ ಸೆರಗಿನಿಂದ ಗಂಟು ಬಿಚ್ಚಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಒತ್ತಾಯ ಮಾಡಲಿಲ್ಲ. ದಬ್ಬಣ ಹಿಡಿದು ಕಾದಳು.

ಆ ಮದುವೆ ನನಗೆ ಬೇಡವಾಗಿತ್ತು. ಹಾಗಿದ್ದರೆ ಆ ಗಾದಿಯೂ ಬೇಡ, ಗಂಟೂ ಬೇಡ. ಆದರೆ ಅಂಗೈ ಚಾಚಿದವಳು ನಾನು, ಎದುರಿಗೆ ಕಾಯುತ್ತಿದ್ದವಳು ಆಯಿ. ನಾನು ಕೈಯನ್ನು ಹತ್ತಿಯೊಳಗೆ ಮೊಳಕೈ ಹತ್ತಿರದವರೆಗೂ ತೂರಿಸಿ ಗಂಟನ್ನು ಮೂಲೆಯಲ್ಲಿ ಒತ್ತಿದೆ. ಆಯಿ ಅದರ ಮೇಲೆ ಇನ್ನೊಂದು ಹಿಡಿ ಹತ್ತಿ ತುರುಕಿ ಹೊಲಿದಳು.

ಅವರು ಬರುವ ದಿನ ಬೆಳಿಗ್ಗೆ ಅವ್ವ ಗಾದಿಯ ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಏನೂ ಸಿಗಲಿಲ್ಲ. ಸಮಾಧಾನವಾದಂತೆ ಕಂಡಿತು. ನನ್ನನ್ನು ಅವಳು ಏನೂ ಕೇಳಲಿಲ್ಲ. ಬೇರೆ ಮನೆಯವರಾಗಿದ್ದರೆ ಹೊಸ ಗಾದಿಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಬಂದವರಿಗೆ ಕುರ್ಚಿ ಹಾಕುತ್ತಿದ್ದರು. ಗಾದಿಯೇ ಕಸುಬಾದ ಮನೆಯಲ್ಲಿ, ಅಷ್ಟು ಚೆನ್ನಾದ ಗಾದಿಯನ್ನು ತೋರಿಸದೆ ಇರಲು ಅವ್ವನಿಂದ ಆಗಲಿಲ್ಲ. ನಡುಕೋಣೆಯಲ್ಲಿ ಹಾಸಿ ಮೇಲೆ ಬಿಳಿ ಚಾದರು ಹೊದಿಸಿದಳು. ಹೊಸದಾಗಿ ಹಿಂಜಿದ ಹತ್ತಿ ಉಬ್ಬಿಕೊಂಡಿರುತ್ತದೆ, ಒಳಗಿನದು ಕೈಗೆ ಸಿಗುವುದಿಲ್ಲ. ನಾಲ್ಕು ಜನ ಒಂದಿಷ್ಟು ಹೊತ್ತು ಕೂತರೆ ಹತ್ತಿ ತಗ್ಗುತ್ತದೆ, ಒಳಗಿರುವುದೆಲ್ಲ ಮೇಲಕ್ಕೆ ಬರುತ್ತದೆ. ಅಂಗಡಿಯಲ್ಲಿ ದಿನವೂ ನೋಡುವ ಈ ಸಂಗತಿ ಆ ದಿನ ನಮ್ಮ ಯಾರಿಗೂ ನೆನಪಾಗಲಿಲ್ಲ.

ಹುಡುಗನ ತಾಯಿ, ಅವರ ಅಕ್ಕ ಮತ್ತು ಇನ್ನಿಬ್ಬರು ಹೆಂಗಸರು ಬಂದರು. ಆ ಅಕ್ಕನನ್ನು ನಾನು ಖಾಲಾ ಎಂದು ಕರೆಯಬೇಕೆಂದು ಅವ್ವ ಹೇಳಿಕೊಟ್ಟಿದ್ದಳು. ಮಾತು ನಡೆಸಿದವರೂ ಅವರೇ. ಬಂಗಾರದ ಅಂಚಿನ ಕನ್ನಡಕ, ಮೆಲುದನಿ, ನಮ್ಮ ಓಣಿಯ ದಖನಿಗಿಂತ ತಿದ್ದಿದ ಉರ್ದು. ಆಯಿಗೆ ಮೈ ಹುಷಾರಿಲ್ಲ ಎಂದು ಅವ್ವ ಹೇಳಿದಳು. ಆಯಿ ಅಡುಗೆಮನೆಯ ಪರದೆಯ ಹಿಂದೆ, ಸಂದಿನಿಂದ ನೋಡುತ್ತ ಕೂತಿದ್ದಳು. ಅವಳ ಬಳೆಯ ಸಪ್ಪಳ ನನಗೆ ಕೇಳುತ್ತಿತ್ತು.

ಎಲ್ಲ ಸುಗಮವಾಗಿ ನಡೆಯಿತು. ನಾನು ಕಲಿತ ವಾಕ್ಯಗಳನ್ನು ತಪ್ಪಿಲ್ಲದೆ ಹೇಳಿದೆ. ಬಗಾರ ಅನ್ನ, ದಾಲ್ಚಾ ಎಲ್ಲರಿಗೂ ಹಿಡಿಸಿತು. ಹುಡುಗನ ತಾಯಿ ಗಾದಿಯನ್ನು ಹೊಗಳಿದರು. ಅವ್ವನ ಮುಖದಲ್ಲಿ ನಾನು ಅಪರೂಪಕ್ಕೆ ನೋಡಿದ ಒಂದು ಹಗುರತನ ಕಂಡಿತು. ಅವಳು ಉರ್ದುವಿನಲ್ಲಿ ಒಂದು ತಮಾಷೆಯನ್ನೂ ಮಾಡಿದಳು, ಅವರು ನಕ್ಕರು. ಕಲಬುರಗಿ ನನ್ನ ಕೈಬಿಟ್ಟು ಹೋಯಿತು ಎಂದು ನನಗೆ ಖಾತ್ರಿಯಾದದ್ದು ಆ ನಗುವಿನಲ್ಲಿ. ಅವ್ವನ ಆ ಮುಖವನ್ನು ಕೆಡಿಸುವ ಧೈರ್ಯ ನನಗೆ ಬರುವುದಿಲ್ಲ ಅನ್ನಿಸಿತ್ತು.

ಊಟದ ನಂತರ ಖಾಲಾ ಸ್ವಲ್ಪ ಹಿಂದೆ ಸರಿದು ಗೋಡೆಗೆ ಒರಗಿದರು. ಮಾತಾಡುತ್ತಲೇ ಅವರ ಬಲಗೈ ಚಾದರಿನ ಮೇಲೆ ಹರಿದು, ಬೇರೆಲ್ಲಿಯೂ ನಿಲ್ಲದೆ, ತಲೆದಿಕ್ಕಿನ ಬಲ ಮೂಲೆಗೆ ಹೋಯಿತು. ಹೆಬ್ಬೆರಳು, ತೋರುಬೆರಳು ಕೂಡಿ ಒತ್ತಿದವು. ಅವರ ಮಾತು ನಿಂತಿತು.

“ಇಸ್ಮೆ ಕ್ಯಾ ಹೈ, ಬೇಟೀ?” ಎಂದರು. ಇದರಲ್ಲಿ ಏನಿದೆ ಮಗಳೇ ಎಂದು, ನನ್ನನ್ನೇ.

ಅವ್ವನ ಕೈಯಲ್ಲಿದ್ದ ಲೋಟ ಹಾಗೆಯೇ ಉಳಿಯಿತು. ಖಾಲಾ ದನಿ ಏರಿಸಲಿಲ್ಲ. ಇಂಥದ್ದು ತಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಮನೆಯ ಹಿರಿಯರು ವಯಸ್ಸಾದವರು, ಹಳೆಯ ಕಾಲದವರು, ಅವರು ತಿಳಿಯದೆ ಮಾಡಿದ್ದರೆ ತಪ್ಪೇನಿಲ್ಲ. ಈಗಲೇ ತೆಗೆದುಬಿಟ್ಟರೆ ಮಾತು ಇಲ್ಲಿಗೇ ಮುಗಿಯುತ್ತದೆ ಎಂದರು. ಅವ್ವ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟ. ಆಯಿ ಇಟ್ಟಳು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬ್ಲೇಡು ತಂದು ಹೊಲಿಗೆ ಬಿಚ್ಚುತ್ತಿದ್ದರು, ಗಂಟು ಹೊರಗೆ ಬರುತ್ತಿತ್ತು, ಮದುವೆಯ ಮಾತು ಮುಂದುವರಿಯುತ್ತಿತ್ತು. ಪರದೆಯ ಹಿಂದೆ ಬಳೆಯ ಸಪ್ಪಳ ನಿಂತುಹೋಗಿತ್ತು.

ನಾನು ಕಲಿತ ಉರ್ದುವಿನಲ್ಲಿ ಇದಕ್ಕೆ ಬೇಕಾದ ವಾಕ್ಯ ಇರಲಿಲ್ಲ.

“ನಾನೇ ಇಟ್ಟೀನ್ರಿ,” ಎಂದೆ.

ಅಲ್ಲಿಯವರೆಗೆ ಒಂದು ಶಬ್ದವನ್ನೂ ಕನ್ನಡದಲ್ಲಿ ಆಡದಿದ್ದ ಖಾಲಾ, “ಯಾಕವ್ವ?” ಎಂದರು. ನಿಧಾನವೂ ಇಲ್ಲ, ಜೋರೂ ಇಲ್ಲ. ನಮ್ಮ ಮನೆಯೊಳಗೆ ಆಡುವಂಥ ಕನ್ನಡ.

“ನಮ್ಮಲ್ಲಿ ಹುಡುಗಿ ಕೈಲೇ ಇಡಬೇಕ್ರಿ.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ತೆಗೆದು, ಚಾದರಿನ ಸುಕ್ಕನ್ನು ಸರಿಮಾಡಿ, ತಮ್ಮ ತಂಗಿಯ ಕಡೆ ತಿರುಗಿ ಉರ್ದುವಿನಲ್ಲಿ, ಬಿಸಿಲು ಇಳಿಯುವ ಮುಂಚೆ ಹೊರಡೋಣ ಎಂದರು.

ಕೆಲವು ದಿನಗಳ ಮೇಲೆ ಯಾದಗಿರಿಯಿಂದ ಸುದ್ದಿ ಬಂತು. ಇಸ್ತಿಖಾರಾ ಸರಿ ಬರಲಿಲ್ಲವಂತೆ. ಅಲ್ಲಾಹನಲ್ಲಿ ಕೇಳಿಕೊಂಡು ಮಲಗಿದಾಗ ಒಳ್ಳೆಯ ಸೂಚನೆ ಸಿಗಲಿಲ್ಲ ಎಂದು ಅರ್ಥ. ಯಾರಿಗೂ ಅವಮಾನವಾಗದಂತೆ ಬೇಡ ಎನ್ನುವ ದಾರಿ ಅದು. ಅವ್ವನ ನೋವು ಅದರಿಂದ ಏನೂ ಕಡಿಮೆಯಾಗಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ. ಅಂಗಡಿಯಿಂದ ಬ್ಲೇಡು ತಂದು ನಡುಕೋಣೆಯಲ್ಲಿ ಕೂತಳು. ಆಯಿಯ ಉದ್ದ ಹೊಲಿಗೆಗಳನ್ನು ಒಂದೊಂದಾಗಿ ಕೊಯ್ದು, ಕೈ ಹಾಕಿ ಗಂಟನ್ನು ಹೊರಗೆ ತೆಗೆದು, ಆಯಿಯ ಮುಂದೆ ನೆಲದ ಮೇಲಿಟ್ಟಳು. ಆಯಿ ಅದನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಅವಳು ಹೇಳಿದ್ದು ಅವ್ವನಿಗಲ್ಲ, ನನಗೆ:

“ಆಕಿ ಕೈ ನೋಡಿದೇನು? ನೆಟ್ಟಗ ಆ ಮೂಲಿಗೇ ಹೋತು. ಆಕಿನೂ ಯಾವದೋ ಪಿಂಜಾರರ ಮನಿಯಾಗ ಹುಟ್ಟಿದಾಕಿನೇ. ಗೊತ್ತಿಲ್ಲದಾಕಿ ಅಲ್ಲಿ ಯಾಕ ಹುಡಕ್ತಾಳ?”

ಗಂಟು ತೆಗೆದ ಮೂಲೆಗೆ ಹೊಲಿಗೆ ಹಾಕುತ್ತಿದ್ದ ಅವ್ವ ಕೈ ನಿಲ್ಲಿಸಿದಳು. ಪಿಂಜಾರರ ಮನೆಯಿಂದ ಉರ್ದುವಿನವರ ಕಡೆಗೆ ದಾಟಿ ಹೋಗಿ ನಿಂತ ಒಬ್ಬಾಕೆಯನ್ನು ತಾನು ಅಂದು ಎದುರಿಗೇ ಕೂರಿಸಿಕೊಂಡಿದ್ದೆ ಎಂದು ಅವಳಿಗೆ ಆಗ ಹೊಳೆದಿರಬೇಕು. ನನ್ನನ್ನು ಎಲ್ಲಿ ಕಳಿಸಬೇಕೆಂದಿದ್ದಳೋ ಅಲ್ಲಿಂದಲೇ ಬಂದವರು ಅವರು.  ಅವ್ವ ಮತ್ತೆ ಹೊಲಿಯತೊಡಗಿದಾಗ ಹೊಲಿಗೆ ಇನ್ನೂ ಬಿಗಿಯಾಗಿತ್ತು.

ಮರುದಿನ ಆಯಿ ಕಕ್ಕೇರಾಕ್ಕೆ, ತನ್ನ ಮಗಳ ಮನೆಗೆ ಹೊರಟಳು. ಹತ್ತಿ ಬಿಡಿಸುವ ದಿನಗಳಲ್ಲಿ ಅಲ್ಲಿಗೆ ಹೋಗಿ ಬರುವುದು ರೂಢಿಯಾದ್ದರಿಂದ ಓಣಿಯವರಿಗೆ ಏನೂ ಅನ್ನಿಸಲಿಲ್ಲ. ಆದರೆ ಈ ಸಲ ಜಾನಿಮಾಜನ್ನೂ, ಅಂದರೆ ನಮಾಜಿಗೆ ಹಾಸಿಕೊಳ್ಳುವ ಆ ಹಳೆಯ ಚಾಪೆಯನ್ನೂ, ಸುತ್ತಿ ಒಯ್ದಳು. ಅಪ್ಪ ಬಸ್ಸಿನವರೆಗೆ ಹೋಗಿ ಬಂದ. ಆಮೇಲೆ ಅವನು ಎಷ್ಟೋ ಸಲ ಕರೆಯಲು ಹೋದ. ಬರ್ತೀನಿ ಬಿಡು ಎನ್ನುತ್ತಿದ್ದಳಂತೆ. ಬರಲಿಲ್ಲ.

ಬೇಸಿಗೆ ಮುಗಿದ ಮೇಲೆ ನಾನು ಕಲಬುರಗಿಯ ಕಾಲೇಜಿಗೆ ಸೇರಿದೆ. ಸಂಬಂಧ ಮುರಿದ ಹುಡುಗಿಯನ್ನು ಕೆಲಕಾಲ ಊರಿನಿಂದ ದೂರ ಇಡುವುದು ಒಳ್ಳೆಯದೆಂದು ಅಪ್ಪ ಅವ್ವನಿಗೆ ಹೇಳಿದ. ಅದು ಪೂರ್ತಿ ನಿಜವಲ್ಲ ಎಂದು ಮೂವರಿಗೂ ಗೊತ್ತಿತ್ತು. ಹೊರಡುವ ಹಿಂದಿನ ದಿನ ಅವ್ವ ರೊಟ್ಟಿ ಕಟ್ಟುತ್ತ, ನನ್ನ ಕಡೆ ನೋಡದೆ ಕೇಳಿದಳು: “ಆಯಿ ಸಲುವಾಗಿ ಅಂದೇನು ಹಂಗ, ಓದೂ ಸಲುವಾಗಿ ಅಂದೇನು?”

ನಾನು ರೊಟ್ಟಿಯನ್ನು ಚೀಲದಲ್ಲಿಟ್ಟೆ. ಅವಳು ಕೇಳಿದ್ದು ನನಗೆ ಈಗಲೂ ಗೊತ್ತಿಲ್ಲ. ಖಾಲಾ ಕೇಳಿದಾಗ ಬಾಯಿಗೆ ಬಂದದ್ದು ಒಂದೇ ವಾಕ್ಯ, ಅದು ನಿಜವಾದದ್ದಾಗಿತ್ತು. ಆದರೆ ಅದರಿಂದ ನನಗೆ ಬೇಕಾದದ್ದು ನನಗೆ ಸಿಕ್ಕಿತು, ಆಯಿಗೆ ಮನೆ ಹೋಯಿತು, ಅವ್ವನಿಗೆ ಆ ಒಂದು ಮಧ್ಯಾಹ್ನದ ನಗು ಹೋಯಿತು.

ಅಪ್ಪ ಅದೇ ಗಾದಿಯನ್ನು ಹಗ್ಗದಿಂದ ಕಟ್ಟಿ ಬಸ್ಸಿನ ಮೇಲೆ ಹಾಕಿದ. ಹಾಸ್ಟೆಲ್ಲಿನ ಕಬ್ಬಿಣದ ಮಂಚಕ್ಕೆ ಅದು ಅಗಲವಾಗಿತ್ತು. ಒಂದು ಅಂಚು ಗೋಡೆಗೆ ಏರಿ ನಿಲ್ಲುತ್ತಿತ್ತು. ಕೋಣೆಯಲ್ಲಿದ್ದ ಉಳಿದವರ ಗಾದಿಗಳು ತೆಳು ಫೋಮಿನವು. ಅವರು ಬಂದು ನನ್ನ ಗಾದಿಯ ಮೇಲೆ ಕೂರುತ್ತಿದ್ದರು, ಯಾವ ಅಂಗಡಿಯದು ಎಂದು ಕೇಳುತ್ತಿದ್ದರು. ಮನೆಯಲ್ಲಿ ಮಾಡಿದ್ದು ಎನ್ನುತ್ತಿದ್ದೆ. ಯಾವ ಮೂಲೆಯೂ ಅವರಿಗೆ ಬೇರೆಯಾಗಿ ಕಾಣಲಿಲ್ಲ. ನಾನು ಮಾತ್ರ ಚಾದರು ಬದಲಿಸುವಾಗ ಮೂರು ಮೂಲೆಯ ಉದ್ದ ಹೊಲಿಗೆಯನ್ನೂ ಒಂದು ಮೂಲೆಯ ಬಿಗಿ ಹೊಲಿಗೆಯನ್ನೂ ನೋಡುತ್ತಿದ್ದೆ.

ಅವ್ವ ಹಾಸ್ಟೆಲ್ಲಿಗೆ ಬಂದದ್ದು ಒಮ್ಮೆ ಮಾತ್ರ, ನನ್ನ ಕೊನೆಯ ವರ್ಷದಲ್ಲಿ. ಕಣ್ಣು ತೋರಿಸಲು ಕಲಬುರಗಿಗೆ ಬಂದಿದ್ದಳು. ಅಪ್ಪನನ್ನು ಗೇಟಿನ ಹತ್ತಿರ ನಿಲ್ಲಿಸಿ ಅವಳೊಬ್ಬಳೇ ಮೇಲೆ ಬಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವಳಿಗೆ ಎಲ್ಲ ಮಸುಕಾಗಿ ಕಾಣುತ್ತಿತ್ತು. ಮಂಚದ ಅಂಚನ್ನು ತಡವಿ ಕೂತಳು. ನೀರು ಕೊಟ್ಟೆ. ಊಟದ ಬಗ್ಗೆ, ಪರೀಕ್ಷೆಯ ಬಗ್ಗೆ ಕೇಳಿದಳು. ನಾನು ಅವಳನ್ನು ಏನೆಂದೂ ಕರೆಯದೆ ಉತ್ತರ ಹೇಳುತ್ತಿದ್ದೆ.

ಮಾತು ಮುಗಿದಾಗ ಅವಳ ಕೈ ಚಾದರಿನ ಮೇಲೆ ಸರಿಯಿತು. ತಲೆದಿಕ್ಕಿನ ಬಲ ಮೂಲೆಗೆ ಹೋಗಿ, ಎರಡು ಬೆರಳು ಒತ್ತಿದವು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಆದರೂ ಇನ್ನೊಮ್ಮೆ ಒತ್ತಿದಳು.

“ತಲಿ ಈ ಕಡೀಗೇ ಇಡ್ತೀ ಹೌದಿಲ್ಲೋ?”

“ಹೂಂ, ಅವ್ವ.”

ಅವಳು ನನ್ನನ್ನು ತಿದ್ದಲಿಲ್ಲ. ಚೀಲದಿಂದ ಫೋನು ತೆಗೆದು, ಅಕ್ಷರ ಕಾಣುತ್ತಿಲ್ಲ ಎಂದು ನನ್ನ ಕೈಗೆ ಕೊಟ್ಟಳು. “ಕಕ್ಕೇರಾಕ್ಕ ಹಚ್ಚು,” ಎಂದಳು.

ಹಚ್ಚಿದೆ. ರಿಂಗ್ ಆಗುತ್ತಿರುವಾಗ ಫೋನನ್ನು ಅವಳ ಕಡೆ ಚಾಚಿದೆ. ಅವಳು ತಲೆ ಆಡಿಸಿದಳು. “ನೀನೇ ಮಾತಾಡು ಮೊದಲ.”

ಆ ಕಡೆ ಆಯಿಯೇ ಎತ್ತಿದಳು. “ಯಾರು?” ಎಂದು ಕೇಳಿದಳು. ಅವಳ ಹಿಂದೆ ಕೋಳಿಗಳ ಸದ್ದು. ನಾನು ಅವ್ವನ ಕಡೆ ನೋಡಿದೆ. ಅವಳು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡಿದ್ದಳು, ಔಷಧಿ ಹಾಕಿದ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಕೈ ಮಾತ್ರ ಇನ್ನೂ ಆ ಮೂಲೆಯ ಮೇಲೆಯೇ ಇತ್ತು.